ನಲವತ್ತೊಂದನೆಯವರು

ಆ ಮನೆಯ ವಾರ ನಡೆಯುತ್ತಿದ್ದುದೇ ಮಾವನ ಕಾರಿನ ಮೇಲೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಮೊಮ್ಮಗಳನ್ನು ಊರಿನ ಆ ತುದಿಯ ಶಾಲೆಗೆ ಬಿಡಬೇಕು. ಮಂಗಳವಾರ, ಗುರುವಾರ ಸಂಜೆ ಈಜುಕೊಳದಿಂದ ಕರೆತರಬೇಕು. ಮಗನಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಇದ್ದರೆ ಅವನನ್ನೂ, ಸೊಸೆಗೆ ಎಂಟೂವರೆಯ ತರಗತಿ ಇದ್ದರೆ ಅವಳನ್ನೂ ದಾರಿಯಲ್ಲಿ ಇಳಿಸಬೇಕು. ಬರುವಾಗ ಹಾಲು, ಬ್ರೆಡ್ಡು, ತರಕಾರಿ. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮಾವನಿಗೆ ಇದೊಂದು ಕೆಲಸವೆಂದೇ ಅನಿಸುತ್ತಿರಲಿಲ್ಲ. “ಟಿಕೆಟ್ ಇಲ್ಲದ ಪ್ರಯಾಣಿಕರು ನೀವು,” ಎನ್ನುತ್ತಿದ್ದರು. ಅವರಿಗೀಗ ಎಪ್ಪತ್ತನಾಲ್ಕು.

ಸೊಸೆ ಮದುವೆಯಾಗಿ ಬಂದ ವಾರವೇ ಅವರು ಅವಳನ್ನು ‘ಪ್ರೊಫೆಸರಮ್ಮ’ ಮಾಡಿಬಿಟ್ಟಿದ್ದರು. ಆಗ ಅವಳಿನ್ನೂ ತಾತ್ಕಾಲಿಕ ಉಪನ್ಯಾಸಕಿ. ಈಗ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ನಿಜವಾಗಿಯೂ ಪ್ರೊಫೆಸರ್. ಹೆಸರು ಬದಲಾಗಲಿಲ್ಲ, ಹೇಳುವ ದನಿಯಲ್ಲಿದ್ದ ತುಂಟತನವೂ ಬದಲಾಗಲಿಲ್ಲ.

ಪ್ರೊಫೆಸರಮ್ಮನ ಹೆಗಲ ಮೇಲೆ ಎರಡು ಕೆಲಸ. ಒಂದು ಅವಳದೇ ಸಂಶೋಧನೆ: ಎಪ್ಪತ್ತು ದಾಟಿಯೂ ವಾಹನ ಓಡಿಸುವವರ ಗಮನಶಕ್ತಿ ಹೇಗಿರುತ್ತದೆ ಎಂಬುದು. ಅರವತ್ತು ಜನ ಸ್ವಯಂಸೇವಕರು ಬೇಕು. ಒಬ್ಬೊಬ್ಬರನ್ನೂ ಕತ್ತಲ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿ ಪರೀಕ್ಷಿಸಬೇಕು. ಪರದೆಯ ನಡುವೆ ಒಂದು ವಾಹನದ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಅದೇ ಗಳಿಗೆಯಲ್ಲಿ ಅಂಚಿನಲ್ಲೆಲ್ಲೋ ಒಂದು ಚುಕ್ಕೆ ಮೂಡಿ ಮಾಯವಾಗುತ್ತದೆ. ಬಂದದ್ದು ಕಾರೋ ಲಾರಿಯೋ, ಚುಕ್ಕೆ ಯಾವ ಮೂಲೆಯಲ್ಲಿತ್ತು, ಎರಡನ್ನೂ ಹೇಳಬೇಕು. ಕಣ್ಣು ಚೆನ್ನಾಗಿರುವವರೂ ಇದರಲ್ಲಿ ಎಡವುತ್ತಾರೆ.

ಇನ್ನೊಂದು ಕೆಲಸ ಶನಿವಾರದ್ದು. ಹೊರಗಿನ ಕಚೇರಿಗಳವರಿಗೆ ತರಬೇತಿ ನಡೆಸಿದರೆ ವಿಭಾಗಕ್ಕೆ ಹೆಸರು ಬರುತ್ತದೆಂದು ಮುಖ್ಯಸ್ಥರು ಹಟ ಹಿಡಿದು ಶುರುಮಾಡಿದ್ದು. ಈ ಸಲ ಬಂದವರು ಚಾಲನಾ ಪರವಾನಗಿ ಕೊಡುವ ಪರೀಕ್ಷಕರು, ಇಪ್ಪತ್ತೆರಡು ಜನ. ವಯಸ್ಸಾದವರಿಗೆ ‘ಇನ್ನು ನೀವು ಓಡಿಸಬಾರದು’ ಎಂದು ಹೇಳುವುದು ಹೇಗೆ ಎಂಬುದು ವಿಷಯ. ಆರು ಶನಿವಾರ. ಸಂಶೋಧನೆಯ ವರದಿಯೂ ಅವು ಮುಗಿಯುವ ಹೊತ್ತಿಗೇ ಹೋಗಬೇಕು.

ಹೀಗಿರುವಾಗ ಒಂದು ಮಂಗಳವಾರ ಸಂಜೆ ಕಾರಿನ ಎಡಬಾಗಿಲಲ್ಲಿ ಮೊಳದುದ್ದದ ಗೀರು ಕಾಣಿಸಿತು.

“ಇದೇನು ಮಾವ?” ಎಂದಳು ಪ್ರೊಫೆಸರಮ್ಮ, ಚೀಲ ಇಳಿಸುತ್ತ.

ಮಾವ ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಿಂದ ಮಗಳ ಉತ್ತರ ಬಂತು. ಹನ್ನೊಂದು ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. “ಶಾಲೆ ಗೇಟಿನ ಹತ್ರ ಯಾರೋ ಸೈಕಲ್ ಉಜ್ಜಿಕೊಂಡು ಹೋದ್ರಮ್ಮ. ನಿಲ್ಲಿಸಿದ್ದಾಗ.”

ಗೀರಿನಲ್ಲಿ ಸುಣ್ಣದ ಪುಡಿ ಅಂಟಿತ್ತು. ಸೈಕಲ್ಲಿಗೆ ಸುಣ್ಣ ಬಳಿದಿರುವುದಿಲ್ಲ. ಪ್ರೊಫೆಸರಮ್ಮ ಅದನ್ನು ನೋಡಿದಳು. ಒಳಗೆ ಒಲೆಯ ಮೇಲೆ ಅನ್ನಕ್ಕಿಡಬೇಕಿತ್ತು, ನಲವತ್ತು ಉತ್ತರಪತ್ರಿಕೆ ತಿದ್ದಬೇಕಿತ್ತು. “ಸರಿ,” ಎಂದು ಒಳಗೆ ಹೋದಳು.

ಶುಕ್ರವಾರ ಊಟದ ಮೇಜಿನ ಮೇಲೆ ಇಪ್ಪತ್ತೆರಡು ಕೈಪಿಡಿಗಳ ಹಾಳೆಗಳು ಹರಡಿದ್ದವು. ಮಾವ ಜೋಡಿಸಿ ಪಿನ್ ಹೊಡೆದರು, ಗುಬ್ಬಿ ಎಣಿಸಿದಳು. ಕೆಲಸದ ನಡುವೆ ಮಾವ ಆರನೇ ಪುಟ ಹಿಡಿದು ಓದತೊಡಗಿದರು.

“‘ಮೊದಲು, ಅವರಿಗೆ ಈಗಾಗಲೇ ಏನು ಅನಿಸಿದೆ ಎಂದು ಕೇಳಿ. ಆಮೇಲೆ ಸುಮ್ಮನಿರಿ. ಅವರ ಮಾತನ್ನೇ ಮತ್ತೆ ಅವರಿಗೆ ಹೇಳಿ.’ ಏನಮ್ಮ ಇದು, ಗಿಳಿಗೆ ಹೇಳಿಕೊಟ್ಟ ಹಾಗಿದೆ.”

“ಹಾಗಲ್ಲ ಮಾವ. ಕೇಳಿಸಿಕೊಂಡಿದೀವಿ ಅಂತ ಅವರಿಗೆ ಗೊತ್ತಾಗಬೇಕಲ್ಲ.”

“ನಮ್ಮ ಡಿಪೋ ಮ್ಯಾನೇಜರು ಹೀಗೆ ಮಾತಾಡಿದ್ರೆ ಏನೋ ಮುಚ್ಚಿಡ್ತಿದಾನೆ ಅಂತಿದ್ವಿ,” ಎಂದು ಮಾವ ಪಿನ್ ಹೊಡೆದರು.

ಶನಿವಾರ ತರಗತಿಯಲ್ಲಿ ಮುಂದಿನ ಸಾಲಿನಲ್ಲೇ ಒಬ್ಬ ದಪ್ಪನೆಯ ಹಿರಿಯ ಪರೀಕ್ಷಕರು ಕೂತಿದ್ದರು. ಇಪ್ಪತ್ತೆಂಟು ವರ್ಷದ ಸೇವೆ. ಕೈ ಎತ್ತಿ, ಬೇಸರವಿಲ್ಲದೆ ಕೇಳಿದರು: “ಮೇಡಂ, ನೀವು ಯಾವತ್ತಾದ್ರೂ ಒಬ್ಬರಿಗಾದ್ರೂ ಹೇಳಿದೀರಾ?”

“ಇಲ್ಲ,” ಎಂದಳು ಪ್ರೊಫೆಸರಮ್ಮ.

“ನಾನು ಹೇಳಿದೀನಿ. ಒಬ್ಬರು ನನ್ನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ನನ್ನ ತಲೆ ಮೇಲೇ ಸುರಿದು ಹೋದ್ರು. ಅದಕ್ಕೆ ಯಾವ ಪುಟ ನೋಡಲಿ?”

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅಂದು ಸಂಜೆ ಊಟಕ್ಕೆ ಕೂತಾಗ ಮಾವ ಬಹಳ ಖುಷಿಯಲ್ಲಿದ್ದರು. ಮಗನ ತಟ್ಟೆಗೆ ತಾವೇ ಅನ್ನ ಬಡಿಸಿದರು.

“ಇವತ್ತು ನಿನ್ನ ಅಂಗಡಿಗೆ ಹೋಗಿದ್ದೆ, ಪ್ರೊಫೆಸರಮ್ಮ.”

“ಯಾವ ಅಂಗಡಿ?”

“ಅದೇ, ಕತ್ತಲ ಕೋಣೆ. ‘ಎಪ್ಪತ್ತು ದಾಟಿದ ಚಾಲಕರು ಬೇಕಾಗಿದ್ದಾರೆ’ ಅಂತ ಗೋಡೆ ಮೇಲೆ ಹಾಕಿದೀರಲ್ಲ. ನಿನ್ನನ್ನ ಆಮೇಲೆ ಕರ್ಕೊಂಡು ಬರೋಣ ಅಂತ ಬಂದವನು ಓದಿದೆ. ನೀನು ಪಾಠದಲ್ಲಿದ್ದೆ. ಆ ಕನ್ನಡಕದ ಹುಡುಗಿ ಕೂರಿಸಿದ್ಲು. ನನ್ನ ನಂಬರು ನಲವತ್ತೊಂದು.”

ಪ್ರೊಫೆಸರಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ನನ್ನ ಮಾವ ಅಂತ ಹೇಳಿದ್ರಾ?”

“ಯಾಕೆ ಹೇಳಲಿ? ಶಿಫಾರಸು ಅಂದ್ಕೋತಾಳೆ.” ಅವರು ಮಜ್ಜಿಗೆ ಕುಡಿದು ಲೋಟ ಇಟ್ಟರು. “ಸುಲಭವಾಗಿತ್ತು. ಲಾರಿ, ಕಾರು, ಕಾರು, ಲಾರಿ. ಚುಕ್ಕೆ ಮಾತ್ರ ಬಹಳ ಸಲ ಬರಲೇ ಇಲ್ಲ. ನಿಮ್ಮ ಮಿಷನ್ನು ಸ್ವಲ್ಪ ಕೆಟ್ಟಿದೆ, ರಿಪೇರಿಗೆ ಹೇಳು.”

ಚುಕ್ಕೆ ಪ್ರತಿ ಸಲವೂ ಬರುತ್ತದೆಂದು ಪ್ರೊಫೆಸರಮ್ಮನಿಗೆ ಗೊತ್ತಿತ್ತು. ಅವಳ ಗಂಡನಿಗೂ ಗೊತ್ತಿತ್ತು. ಪರೀಕ್ಷೆ ತಯಾರಾಗುವಾಗ ಮೊದಲು ಕೂತವನೇ ಅವನು. ಅವನು ತಲೆ ಬಗ್ಗಿಸಿ ಊಟ ಮುಂದುವರಿಸಿದ. ಗುಬ್ಬಿ ತಾತನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, “ನನಗೆ ಸಾಕು,” ಎಂದು ಎದ್ದು ಹೋದಳು.

ಸೋಮವಾರ ಅವಳು ಸಂಶೋಧನಾ ವಿದ್ಯಾರ್ಥಿನಿಯನ್ನು ಕರೆದಳು. ಮಾವ ಹೇಳಿದ ಕನ್ನಡಕದ ಹುಡುಗಿ ಇವಳೇ. ಎರಡು ವರ್ಷದಿಂದ ಎಲ್ಲ ಪರೀಕ್ಷೆಗಳನ್ನು ನಡೆಸುತ್ತಿದ್ದವಳು.

“ನಲವತ್ತೊಂದನ್ನ ತೆಗೆದುಹಾಕಬೇಕು. ಅವರು ನಮ್ಮ ಮನೆಯವರು. ಮನೆಯವರನ್ನ ಸೇರಿಸೋ ಹಾಗಿಲ್ಲ.”

ವಿದ್ಯಾರ್ಥಿನಿಯ ಮುಖ ಬಿಳಿಚಿತು. “ಗೊತ್ತಿರಲಿಲ್ಲ ಮೇಡಂ. ತೆಗೀತೀನಿ.” ಬಾಗಿಲ ತನಕ ಹೋಗಿ ನಿಂತಳು. “ಒಂದ್ಸಲ ನೀವು ನೋಡ್ತೀರಾ?”

“ಯಾರ ಫಲಿತಾಂಶವನ್ನೂ ಅವರಾಗಿ ಕೇಳದೆ ಯಾರಿಗೂ ಹೇಳಲ್ಲ ಅಂತ ಫಾರಂನಲ್ಲಿ ಬರೆದಿದೀವಿ. ಕೆಳಗೆ ನನ್ನದೇ ಸಹಿ ಇದೆ. ಮನೆಯವರಾದ ತಕ್ಷಣ ಅದು ಅಳಿಸಿ ಹೋಗುತ್ತಾ?”

“ಇಲ್ಲ ಮೇಡಂ,” ಎಂದಳು ಅವಳು. ಆದರೂ ಅರೆಗಳಿಗೆ ಅಲ್ಲೇ ನಿಂತಿದ್ದಳು.

ಕಡತ ನೋಡುವ ಹಾಗಿಲ್ಲ. ರಸ್ತೆ ನೋಡಬಾರದೆಂದು ಯಾವ ಫಾರಮ್ಮಿನಲ್ಲೂ ಬರೆದಿರಲಿಲ್ಲ. ಪ್ರೊಫೆಸರಮ್ಮ ಕೂತು ಯೋಚಿಸಿದಳು: ತಾನು ಮಾವನ ಕಾರಿನಲ್ಲಿ ಮುಂದೆ ಕೂತು ಎಷ್ಟು ಕಾಲವಾಯಿತು? ನೆನಪಾಗಲಿಲ್ಲ. ಯಾವಾಗಲೂ ಹಿಂದಿನ ಸೀಟು, ಮಡಿಲಲ್ಲಿ ಉತ್ತರಪತ್ರಿಕೆ, ಕೈಯಲ್ಲಿ ಕೆಂಪು ಪೆನ್ನು. ಮುಂದಿನ ಸೀಟು ಗುಬ್ಬಿಗೆ. ಕಾರು ಒಮ್ಮೊಮ್ಮೆ ಗಕ್ಕನೆ ನಿಂತು ಪೆನ್ನು ಜಾರಿದ್ದುಂಟು. ಆಗೆಲ್ಲ ಅವಳು ತಲೆ ಎತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಮಗಳನ್ನು ಹಿಂದೆ ಕೂರಿಸಿ ತಾನು ಮುಂದೆ ಕೂತಳು.

“ಅದು ನನ್ನ ಜಾಗ,” ಎಂದಳು ಗುಬ್ಬಿ.

“ಇವತ್ತೊಂದು ದಿನ.”

“ಬೇಡಮ್ಮ. ನಾನೇ ಮುಂದೆ ಕೂರಬೇಕು.” ದನಿ ಎತ್ತರವಾಗಿತ್ತು. ಹಟ ಮಾಡುವ ಮಗುವಲ್ಲ ಅದು. ಪ್ರೊಫೆಸರಮ್ಮ ಅಲುಗಾಡಲಿಲ್ಲ.

ಮಾವ ಚೆನ್ನಾಗಿಯೇ ಓಡಿಸಿದರು. ಗೇರು ಬದಲಿಸುವ ಕೈ ಈಗಲೂ ನೀರು ಹರಿದಷ್ಟು ನಯ. ಮಾರುಕಟ್ಟೆ ದಾಟಿ, ಔಷಧಿ ಅಂಗಡಿಯ ತಿರುವಿನಲ್ಲಿ ಹಿಂದಿನಿಂದ ಗುಬ್ಬಿಯ ಮಾತು ಕೇಳಿಸಿತು. ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವಷ್ಟು ಸಹಜವಾದ ದನಿ: “ತಾತ, ಎಡಗಡೆ ಸೈಕಲ್.”

ಮಾವ ಬ್ರೇಕು ಒತ್ತಿದರು. ಎಡಗಡೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಒಂದು ಗೇಣು ದೂರದಲ್ಲಿ ಹಾದು ಹೋಯಿತು.

ಮತ್ತೆ ಎರಡು ನಿಮಿಷಕ್ಕೆ: “ಬಲಗಡೆ ಆಂಟಿ ರಸ್ತೆಗೆ ಇಳೀತಿದಾರೆ ತಾತ.” ಮತ್ತೆ: “ನಾಯಿ.” ಶಾಲೆಯ ಹತ್ತಿರ: “ಮೂಲೆಯಲ್ಲಿ ಗೋಡೆ ಇದೆ, ನೆನಪಿದೆಯಾ?”

“ಗೊತ್ತು ಗೊತ್ತು, ಕಂಡಕ್ಟರಮ್ಮ,” ಎಂದರು ಮಾವ ನಗುತ್ತ. ಅವರಿಗೆ ಅದೊಂದು ಆಟ. ಪ್ರೊಫೆಸರಮ್ಮ ತಿರುಗಿ ನೋಡಿದಳು. ಗುಬ್ಬಿಯ ಎರಡೂ ಕೈ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದಿದ್ದವು. ಕಣ್ಣು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಿತ್ತು.

ಶಾಲೆಯ ಗೇಟಿನೊಳಗೆ ಮಗಳ ಜೊತೆ ಹತ್ತು ಹೆಜ್ಜೆ ನಡೆದು ಅವಳು ಕೇಳಿದಳು: “ಯಾವಾಗಿಂದ ಹೀಗೆ ಹೇಳ್ತಿದೀಯ?”

“ರಜೆ ಮುಗಿದ ಮೇಲಿಂದ.”

“ಅಂದ್ರೆ ನಾಲ್ಕು ತಿಂಗಳು. ನನಗೆ ಯಾಕೆ ಹೇಳಲಿಲ್ಲ?”

ಗುಬ್ಬಿ ಚೀಲದ ಪಟ್ಟಿ ಸರಿಮಾಡಿಕೊಂಡಳು. “ಹೇಳಿದ್ರೆ ತಾತ ಬರೋ ಹಾಗಿಲ್ಲ. ಆಮೇಲೆ ನೀನು ಕೆಲಸ ಬಿಟ್ಟು ನನ್ನ ಕರ್ಕೊಂಡು ಬರಬೇಕು. ನಿನಗೆ ವರದಿ ಇದೆಯಲ್ಲ.” ಗಂಟೆ ಹೊಡೆಯಿತು. ಅವಳು ಓಡಿಹೋದಳು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಅವನು ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ನರ್ಸು. ಹಿಂದಿನ ಪಾಳಿಯ ಆಯಾಸ ಇನ್ನೂ ಕಣ್ಣಲ್ಲಿತ್ತು. ಅವಳು ಎಲ್ಲ ಹೇಳಿದಳು.

“ನೀನೇ ಹೇಳು ಅಪ್ಪನಿಗೆ,” ಎಂದ ಅವನು, ಅಂಗಿ ಕೊಡವುತ್ತ.

“ನಿನ್ನ ಅಪ್ಪ.”

“ನೀನು ಇದನ್ನೇ ತಾನೆ ಕಲಿಸೋದು? ಇಪ್ಪತ್ತೆರಡು ಜನ ಕಲಿಯೋಕೆ ಬರ್ತಾರೆ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಇಲ್ಲದಿದ್ರೆ ಕಲಿಸ್ತೀಯ ಯಾಕೆ?” ಎಂದವನು ಹೆಂಡತಿಯ ಮುಖ ನೋಡಿ ಮೆತ್ತಗಾದ. “ನನ್ನ ಕೈಲಾಗಲ್ಲ ಕಣೇ. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಸ್ಟಿಯರಿಂಗ್ ಹಿಡಿಸಿದವರು ಅವರು. ನಾನು ಹೇಗೆ ಕೀಲಿ ಕೇಳಲಿ?”

“ಹಾಗಾದ್ರೆ ನಿನಗೆ ಮೊದಲೇ ಗೊತ್ತಿತ್ತು.”

ಅವನು ಅಂಗಿಗೆ ಕ್ಲಿಪ್ಪು ಹಾಕಿದ. “ನಿನಗೆ ಗೊತ್ತಿರಲಿಲ್ವಾ?”

ಇಬ್ಬರೂ ಸೇರಿ ಉಳಿದ ಬಟ್ಟೆಯನ್ನು ಒಣಹಾಕಿದರು.

ಮಧ್ಯಾಹ್ನದ ಊಟಕ್ಕೆ ಅವಳು ಮೊಟ್ಟೆ ಬೇಯಿಸಿದಳು, ಅವನು ತರಕಾರಿ ಮಾಡಿದ. ಗುಬ್ಬಿಯನ್ನು ಗೆಳತಿಯ ಮನೆಗೆ ಕಳಿಸಿದ್ದರು. ತಟ್ಟೆಗಳು ಅರ್ಧ ಖಾಲಿಯಾದ ಮೇಲೆ ಪ್ರೊಫೆಸರಮ್ಮ ಶುರುಮಾಡಿದಳು.

“ಮಾವ, ಇತ್ತೀಚೆಗೆ ಕಾರು ಓಡಿಸುವಾಗ ನಿಮಗೆ ಹೇಗನಿಸ್ತಿದೆ?”

“ಚೆನ್ನಾಗನಿಸ್ತಿದೆ.”

ಅವಳು ಸುಮ್ಮನಿದ್ದಳು. ಆಮೇಲೆ, “ಚೆನ್ನಾಗನಿಸ್ತಿದೆ,” ಎಂದಳು.

ಮಾವ ಊಟ ನಿಲ್ಲಿಸಿದರು. ಸೊಸೆಯನ್ನು ನೆಟ್ಟಗೆ ನೋಡಿದರು. “ಆರನೇ ಪುಟ,” ಎಂದರು. “ಪಿನ್ ಹೊಡೆದವನು ನಾನು. ಏನು ಹೇಳಬೇಕೋ ನೆಟ್ಟಗೆ ಹೇಳಮ್ಮ.”

ಅವಳ ಮುಖ ಕೆಂಪಾಯಿತು. “ನೀವು ಇನ್ನು ಕಾರು ಓಡಿಸೋದು ಬೇಡ ಮಾವ. ಗುರುವಾರ ನೋಡಿದೆ. ನಡುವೆ ಇರೋದು ನಿಮಗೆ ಕಾಣ್ಸುತ್ತೆ, ಪಕ್ಕದಿಂದ ಬರೋದು ಕಾಣಿಸ್ತಿಲ್ಲ. ಗುಬ್ಬಿ ಹೇಳಿದಾಗ ಮಾತ್ರ ನಿಲ್ಲಿಸ್ತಿದೀರಿ.”

“ಅದು ಮಗು ಆಟ.”

“ಆಟ ಅಲ್ಲ. ಬಾಗಿಲ ಗೀರು ಗೋಡೆದು. ಅವಳು ಸುಳ್ಳು ಹೇಳಿದ್ದು ನಿಮ್ಮನ್ನ ಉಳಿಸೋಕೆ.”

ಮಾವ ಮಗನ ಕಡೆ ತಿರುಗಿದರು. “ನೀನೇನಂತೀಯ?”

“ಅವಳು ಹೇಳ್ತಿರೋದು ನಿಜ ಅಪ್ಪ,” ಎಂದ ಅವನು ತಟ್ಟೆ ನೋಡುತ್ತ.

“ಮೂವತ್ತನಾಲ್ಕು ವರ್ಷ. ಒಬ್ಬರ ಕಾಲ ಮೇಲೂ ಗಾಲಿ ಹತ್ತಿಸಿದವನಲ್ಲ.” ದನಿ ಏರಲಿಲ್ಲ; ಇನ್ನಷ್ಟು ಇಳಿಯಿತು. “ಒಂದು ಮಾತು ಕೇಳ್ತೀನಿ, ಪ್ರೊಫೆಸರಮ್ಮ. ಹೋದ ತಿಂಗಳು ನೀನು ಬೇರೆ ಊರಿಗೆ ಸಮ್ಮೇಳನಕ್ಕೆ ಹೋದಾಗ ನಿನ್ನನ್ನ ಸ್ಟೇಷನ್ನಿಗೆ ಬಿಟ್ಟವರು ಯಾರು? ಶನಿವಾರ ಶನಿವಾರ ಆ ಕೈಪಿಡಿ ಗಂಟು ಹೊತ್ತು ತಂದವರು ಯಾರು? ನಾನು ಬೇಕಾಗಿದ್ದಾಗ ನನ್ನ ಕಣ್ಣು ಚೆನ್ನಾಗಿತ್ತು. ಈಗ ಕೆಟ್ಟುಹೋಯ್ತಾ?”

ಉತ್ತರಗಳು ಅವಳ ಬಳಿ ಇದ್ದವು. ಎಲ್ಲವೂ ಕೈಪಿಡಿಯಲ್ಲಿದ್ದವು. ಅವಳು ಅವನ್ನೆಲ್ಲ ಬಿಟ್ಟಳು.

“ಆಗಲೂ ಕೆಟ್ಟಿತ್ತು ಮಾವ. ನನಗೆ ಅನುಮಾನ ಬಂದು ಬಹಳ ದಿನ ಆಯ್ತು. ಕಾರು ಗಕ್ಕನೆ ನಿಂತಾಗೆಲ್ಲ ಬಂದಿತ್ತು. ನೋಡಿದ್ರೆ ಹೇಳಬೇಕಾಗುತ್ತೆ ಅಂತ ತಲೆ ಎತ್ತಲಿಲ್ಲ. ನೀವು ಓಡಿಸದಿದ್ರೆ ನನ್ನ ಕೆಲಸ ನಡೀತಿರಲಿಲ್ಲ. ಅದಕ್ಕೆ ನನ್ನ ಮಗಳನ್ನ ಆ ಸೀಟಲ್ಲಿ ಕೂರಿಸಿದೆ. ನಿಮ್ಮನ್ನೂ ಕೂರಿಸಿದೆ.”

ಮಾವ ಎದ್ದರು. ತಮ್ಮ ತಟ್ಟೆ ತಾವೇ ತೊಳೆದು ಮಗುಚಿಟ್ಟು ಕೋಣೆಗೆ ಹೋದರು. ಕಾರಿನ ಕೀಲಿ ಅಂಗಿಯ ಜೇಬಿನಲ್ಲೇ ಉಳಿಯಿತು.

ಮರುದಿನದಿಂದ ಮನೆಯ ವಾರ ಚಿಂದಿಯಾಯಿತು. ಬೆಳಿಗ್ಗೆ ಗುಬ್ಬಿಯನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಒಂದು ದಿನ ಅಮ್ಮ, ಒಂದು ದಿನ ಅಪ್ಪ. ಎರಡು ಬಸ್ಸು ಬದಲಿಸಬೇಕು. ಎಂಟೂವರೆಯ ತರಗತಿಗೆ ಪ್ರೊಫೆಸರಮ್ಮ ಒಂಬತ್ತಕ್ಕೆ ಹೋದಳು. ಈಜು ಎರಡು ವಾರ ನಿಂತಿತು. ಬ್ರೆಡ್ಡು ತರಲು ಎಲ್ಲರೂ ಮರೆತ ಒಂದು ಬೆಳಿಗ್ಗೆ ಮೂವರೂ ಬಾಳೆಹಣ್ಣು ತಿಂದು ಹೊರಟರು. ಮಾವ ದಿನವೂ ಏಳೂವರೆಗೆ ಹೊರಗೆ ಬಂದು ಕಾರು ಒರೆಸುತ್ತಿದ್ದರು. ಗಾಜು, ಗಾಲಿ, ಒಳಗಿನ ಚಾಪೆ, ಎಲ್ಲ. ಒರೆಸಿ ಬಟ್ಟೆ ಹಿಂಡಿ ಒಳಗೆ ಹೋಗುತ್ತಿದ್ದರು. ಓಡಿಸಲಿಲ್ಲ, ಕೀಲಿ ಕೊಡಲಿಲ್ಲ, ಮಾತಾಡಲಿಲ್ಲ. ಗುಬ್ಬಿ ಹತ್ತಿರ ಹೋಗಿ, “ನನ್ನ ಮೇಲೆ ಕೋಪಾನಾ ತಾತ?” ಎಂದು ಕೇಳಿದಾಗ ಮಾತ್ರ ಅವಳ ತಲೆ ಸವರಿ, “ನಿನ್ನ ಮೇಲೆ ಯಾಕೆ ಬರುತ್ತೆ?” ಎಂದರು.

ವಿಭಾಗದ ಮುಖ್ಯಸ್ಥರು ಪ್ರೊಫೆಸರಮ್ಮನನ್ನು ಕರೆಸಿದರು. ಕೆಟ್ಟವರಲ್ಲ. ಕೆಲಸ ಮಾಡುವವರ ಮೇಲೆಯೇ ಕೆಲಸ ಹೇರುವ ಅಭ್ಯಾಸದವರು.

“ಮುಂದಿನ ಅವಧಿಗೆ ಎರಡು ತರಬೇತಿ ಕೇಳ್ತಿದಾರೆ. ಬ್ಯಾಂಕಿನವರು, ಶಾಲೆಯವರು. ನಿಮ್ಮ ಹೆಸರೇ ಹೇಳಿದಾರೆ.”

“ಒಂದು ಮಾಡ್ತೀನಿ ಸರ್. ಇನ್ನೊಂದು ಆಗಲ್ಲ.”

“ಇಷ್ಟು ದಿನ ಆಗ್ತಿತ್ತಲ್ಲ?”

“ಇಷ್ಟು ದಿನ ನಮ್ಮ ಮನೇಲಿ ನಾಲ್ಕು ಜನ ಸೇರಿ ಅದನ್ನ ಮಾಡ್ತಿದ್ವಿ ಸರ್. ನಿಮಗೂ ಕಾಣ್ತಿರಲಿಲ್ಲ, ನನಗೂ ಕಾಣ್ತಿರಲಿಲ್ಲ.”

ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ, ಬ್ಯಾಂಕಿನವರಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರು.

ಎರಡನೇ ವಾರದ ಬುಧವಾರ, ಯಾರಿಗೂ ಹೇಳದೆ, ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದರು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಎರಡನೇ ಮಹಡಿಗೆ ಹೋಗಿ ಕತ್ತಲ ಕೋಣೆಯ ಬಾಗಿಲು ತಟ್ಟಿದರು.

“ನಾನು ನಲವತ್ತೊಂದು,” ಎಂದರು ವಿದ್ಯಾರ್ಥಿನಿಗೆ. ಜೇಬಿನಿಂದ ನಾಲ್ಕಾಗಿ ಮಡಿಸಿದ ಫಾರಂ ತೆಗೆದರು. “ಎರಡನೇ ಪುಟದಲ್ಲಿ ಬರೆದಿದೀರಿ. ಕೇಳಿದ್ರೆ ಹೇಳ್ತೀವಿ ಅಂತ. ಕೇಳೋಕೆ ಬಂದಿದೀನಿ.”

ವಿದ್ಯಾರ್ಥಿನಿ ತಡವರಿಸಿದಳು. “ಮೇಡಂನ ಕರೀಲಾ?”

“ಬೇಡ. ಮೇಡಂ ಹೇಳಿದ್ದಾಯ್ತು. ಆಕೆ ಮನೆಯವಳು. ನೀನು ಹೊರಗಿನವಳು. ನೀನು ಹೇಳು.”

ಅವಳು ಕುರ್ಚಿ ಎಳೆದುಕೊಟ್ಟಳು. ಕಡತ ತೆಗೆದಳು. ಆ ಹಿಂದೆ ಯಾರೂ ಕೇಳಿಕೊಂಡು ಬಂದಿರಲಿಲ್ಲ, ಹೀಗಾಗಿ ಹೇಳುವ ಅಭ್ಯಾಸ ಅವಳಿಗೂ ಇರಲಿಲ್ಲ. “ನಡುವಿನ ಚಿತ್ರ ತೊಂಬತ್ತಕ್ಕೆ ಎಂಬತ್ತೆಂಟು ಸಲ ಸರಿ ಹೇಳಿದೀರಿ ಸರ್. ನಲವತ್ತು ವಯಸ್ಸಿನವರೂ ಅಷ್ಟು ಹೇಳಲ್ಲ.”

“ಚುಕ್ಕೆ?”

“ತೊಂಬತ್ತಕ್ಕೆ ಹತ್ತೊಂಬತ್ತು.”

“ಮಿಷನ್ನು ಕೆಟ್ಟಿರಲಿಲ್ಲ.”

“ಇಲ್ಲ ಸರ್.”

ಮಾವ ಪರದೆಯ ಕಡೆ ನೋಡುತ್ತ ಕೂತರು. ಅದು ಖಾಲಿಯಾಗಿತ್ತು. “ಎಪ್ಪತ್ತೊಂದು ಚುಕ್ಕೆ,” ಎಂದರು ಕೊನೆಗೆ. “ಅಷ್ಟೂ ಜನ ಅಂತಿಟ್ಕೊ. ಎಪ್ಪತ್ತೊಂದು ಜನ.”

ವಿದ್ಯಾರ್ಥಿನಿ ಎದ್ದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಅವರು ಪೂರ್ತಿ ಕುಡಿದರು.

“ಅರವತ್ತರಲ್ಲಿ ಹೀಗೆ ಎಷ್ಟು ಜನಕ್ಕಿದೆ?”

“ಐವತ್ತೊಂಬತ್ತರಲ್ಲಿ ಎಂಟು ಜನಕ್ಕೆ. ನಿಮ್ಮನ್ನ ತೆಗೆದಿದೀವಿ. ಮನೆಯವರು ಅಂತ.”

“ಅಂದ್ರೆ ನಾನು ಲೆಕ್ಕಕ್ಕೇ ಇಲ್ಲ ಅನ್ನು,” ಎಂದು ಮಾವ ಸಣ್ಣಗೆ ನಕ್ಕರು. ಆ ನಗು ಬೇಗ ಹೋಯಿತು. “ಆ ಎಂಟು ಜನ ಈಗಲೂ ಓಡಿಸ್ತಿದಾರಾ?”

“ಗೊತ್ತಿಲ್ಲ. ಓಡಿಸ್ತಿರಬೇಕು.”

“ಅವರಿಗೆ ಹೇಳಿದವರು ಯಾರು?”

“ಯಾರೂ ಕೇಳಿಲ್ಲ ಸರ್.”

ಪ್ರೊಫೆಸರಮ್ಮ ತರಗತಿ ಮುಗಿಸಿ ಬಂದಾಗ ತನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಾವ ಕೂತಿದ್ದರು. ವಿದ್ಯಾರ್ಥಿಗಳು ಅವರನ್ನು ಬಳಸಿ ಓಡಾಡುತ್ತಿದ್ದರು. ಅವಳು ಗಾಬರಿಯಾಗಿ, “ಏನಾಯ್ತು ಮಾವ?” ಎಂದಳು.

“ಒಳಗೆ ಕೂತು ಮಾತಾಡೋಣ.”

ಒಳಗೆ ಕೂತ ಮೇಲೆ ಅವರು ಕೀಲಿ ತೆಗೆದು ಮೇಜಿನ ಮೇಲಿದ್ದ ಕಾಗದಗಳ ಮೇಲಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಕಣ್ಣು ತುಂಬಿ ಬಂತು. ಏನೋ ಹೇಳಲು ಹೊರಟಳು.

“ಇದು ಆಮೇಲೆ,” ಎಂದರು ಮಾವ. “ಮೊದಲು ಆ ಎಂಟು ಜನದ ಮಾತು. ಅವರಲ್ಲಿ ಯಾರ ಪಕ್ಕದಲ್ಲಾದ್ರೂ ಒಂದು ಗುಬ್ಬಿ ಕೂತಿರಬಹುದು. ಕೂತಿಲ್ಲದೇನೂ ಇರಬಹುದು. ನಿನಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಅದನ್ನ ಕಡತದಲ್ಲಿ ಕಟ್ಟಿಟ್ಟು ವರದಿ ಬರೀತೀಯ?”

“ಹೇಳಲ್ಲ ಅಂತ ಮಾತು ಕೊಟ್ಟೇ ಅವರನ್ನ ಕರೆದದ್ದು ಮಾವ. ಇಲ್ಲದಿದ್ರೆ ಒಬ್ಬರೂ ಬರ್ತಿರಲಿಲ್ಲ.”

“ಮಾತು ಮುರಿ ಅನ್ನಲ್ಲ. ಕೇಳಿದ್ರೆ ಹೇಳ್ತೀವಿ ಅಂತ ಎರಡನೇ ಪುಟದ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಬರೆದಿದೀರಲ್ಲ. ಅದನ್ನ ದೊಡ್ಡದಾಗಿ ಬರೆದು ಕಳಿಸೋಕೇನು?”

ಎರಡು ವರ್ಷದಿಂದ ಆ ಫಾರಂ ಅವಳ ಕೈಯಲ್ಲಿ ಎಷ್ಟು ಸಲ ಓಡಾಡಿತ್ತು. “ಸಂಶೋಧನೆಯ ನೀತಿ ಸಮಿತಿಯ ಒಪ್ಪಿಗೆ ಬೇಕು,” ಎಂದಳು. “ವರದಿ ತಡವಾಗುತ್ತೆ.”

“ಎಷ್ಟು?”

“ಎರಡು ತಿಂಗಳು. ಮೂರೂ ಆಗಬಹುದು.”

“ಆಗಲಿ. ಮನೇಲಿ ಸಂಜೆ ಅಡಿಗೆ ನಾನು ಮಾಡ್ತೀನಿ. ನನಗೂ ಈಗ ಕೆಲಸ ಇಲ್ಲ.”

ಸಮಿತಿಯವರು ನಾಲ್ಕು ಪ್ರಶ್ನೆ ಕೇಳಿದರು, ಎರಡು ಸಲ ತಿದ್ದಿಸಿದರು, ಒಂದು ತಿಂಗಳ ನಂತರ ಒಪ್ಪಿದರು. ಐವತ್ತೊಂಬತ್ತು ಜನಕ್ಕೂ ಒಂದೇ ಒಕ್ಕಣೆಯ ಕಾಗದ ಸಿದ್ಧವಾಯಿತು: ನಿಮ್ಮ ಫಲಿತಾಂಶ ನಿಮ್ಮದು, ಕೇಳುವ ಹಕ್ಕು ನಿಮಗಿದೆ, ಬುಧವಾರ ಮಧ್ಯಾಹ್ನ ಬನ್ನಿ, ಓಡಿಸುವುದನ್ನು ಬಿಟ್ಟ ಒಬ್ಬ ಹಿರಿಯ ಚಾಲಕರೂ ಇರುತ್ತಾರೆ, ಬೇಕಿದ್ದರೆ ಅವರೊಡನೆ ಮಾತಾಡಬಹುದು. ಮಾವನ ಬಗೆಗಿನ ಕೊನೆಯ ಸಾಲನ್ನು ಅವರ ಮುಂದೆ ಓದಿ ಹೇಳಿದಾಗ, “ಹಿರಿಯ ಅನ್ನೋದು ತೆಗಿ,” ಎಂದರು. ಅವಳು ತೆಗೆದು ಕಳಿಸಿದಳು.

ಮನೆಯ ವಾರ ನಿಧಾನವಾಗಿ ಹೊಸದಾಗಿ ಹೊಂದಿಕೊಂಡಿತು. ಗಂಡ ಬೆಳಗಿನ ಪಾಳಿಯನ್ನು ಸಹೋದ್ಯೋಗಿಯೊಡನೆ ಅದಲುಬದಲು ಮಾಡಿಕೊಂಡ. ಕಾರನ್ನು ಭಾನುವಾರ ಅವನು ಹೊರಗೆ ತೆಗೆಯುತ್ತಿದ್ದ. ಮಾವ ಹಿಂದೆ ಕೂತು ದಾರಿಯುದ್ದಕ್ಕೂ, “ಎರಡನೇ ಗೇರು,” “ಕ್ಲಚ್ಚು ಬಿಡು,” ಎನ್ನುತ್ತಿದ್ದರು. ಸಂಜೆಯ ಅಡಿಗೆಯಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. “ಡಿಪೋ ಕ್ಯಾಂಟೀನ್ ರುಚಿ,” ಎಂದು ಮಗ ಗೊಣಗಿದರೆ, “ತಿಂದವನಿಗೆ ಗೊತ್ತು, ನೀನು ಯಾವಾಗ ತಿಂದಿದ್ದೆ?” ಎಂದರು. ಶಾಲೆಗೆ ಬಸ್ಸಿನಲ್ಲಿ ಮೊಮ್ಮಗಳ ಜೊತೆ ಹೋಗುವುದೂ ಅವರ ಪಾಲಿಗೇ ಬಂತು. ಮೊದಲ ವಾರ ಗುಬ್ಬಿ ಬಸ್ಸಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಎಡಬಲ ನೋಡುತ್ತಿದ್ದಳು. ಎರಡನೇ ವಾರ ಕಥೆ ಪುಸ್ತಕ ತೆರೆದಳು. ಮೂರನೇ ವಾರ ತಾತನ ತೋಳಿಗೆ ಒರಗಿ ನಿದ್ದೆಹೋದಳು. ಇಳಿಯುವ ನಿಲ್ದಾಣ ಬಂದರೂ ಮಾವನಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ನಿಲ್ದಾಣ ಮುಂದೆ ಇಳಿದು ಹಿಂದಕ್ಕೆ ನಡೆದರು. ಅಂದು ಶಾಲೆಗೆ ತಡವಾಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ.

ಮೊದಲ ಬುಧವಾರ ಮೂವರು ಬಂದರು. ಇಬ್ಬರದು ಒಳ್ಳೆಯ ಫಲಿತಾಂಶ. ಮುಖ ಅರಳಿಸಿಕೊಂಡು ಹೋದರು. ಮೂರನೆಯವರು ಎಪ್ಪತ್ತೆಂಟರ ಹೆಂಗಸು, ನಿವೃತ್ತ ದಂತವೈದ್ಯೆ, ಎತ್ತರದ ನಿಲುವು, ಹೊಳೆಯುವ ಬೂಟು. ಈ ಸಲ ಪ್ರೊಫೆಸರಮ್ಮನೇ ಎದುರು ಕೂತಳು. ಅಂಕಿಗಳನ್ನು ಹೇಳಿದಳು. “ನಿಮಗೆ ಇದು ಹೇಳೋಕೆ ನನಗೆ ಕಷ್ಟ ಆಗ್ತಿದೆ. ನೀವು ಓಡಿಸೋದು ನಿಲ್ಲಿಸಬೇಕು ಡಾಕ್ಟ್ರೇ,” ಎಂದಳು. ಅಷ್ಟೇ. ಪುಟ ಯಾವುದೂ ನೆನಪಾಗಲಿಲ್ಲ.

ಡಾಕ್ಟರು ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದರು. “ನಾನು ಒಬ್ಬಳೇ ಇರೋದು. ಕಾರಿಲ್ಲದೆ ನಾನು ಏನು ಮಾಡ್ಲಿ?”

“ನನಗೆ ಗೊತ್ತಿಲ್ಲ,” ಎಂದಳು ಪ್ರೊಫೆಸರಮ್ಮ. “ಹೊರಗೆ ನಮ್ಮ ಮಾವ ಇದಾರೆ. ಅವರೂ ಬಿಟ್ಟವರು.”

ಬೆಂಚಿನ ಮೇಲಿದ್ದ ಮಾವ ಎದ್ದು ನಿಂತು ಜಾಗ ಬಿಟ್ಟರು. ಡಾಕ್ಟರು ಕೂರಲಿಲ್ಲ.

“ನೀವು ಏನು ಓಡಿಸ್ತಿದ್ರಿ?” ಎಂದರು, ಸ್ವಲ್ಪ ಗಡುಸಾಗಿ.

“ಬಸ್ಸು. ಆಮೇಲೆ ಮೊಮ್ಮಗಳನ್ನ.”

“ಎಷ್ಟು ದಿನ ಆಯ್ತು ಬಿಟ್ಟು?”

“ಎರಡು ತಿಂಗಳು ನಾಲ್ಕು ದಿನ.”

“ಅಭ್ಯಾಸ ಆಯ್ತಾ?”

“ಇಲ್ಲ,” ಎಂದರು ಮಾವ.

ಡಾಕ್ಟರು ಅವರನ್ನು ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಕೆಳಗೆ ನಿಲ್ಲಿಸಿದ್ದ ತಮ್ಮ ಬಿಳಿ ಕಾರನ್ನು ನೋಡುತ್ತ ನಿಂತರು. “ಅದನ್ನ ಇಲ್ಲಿ ಬಿಟ್ಟು ಹೋಗೋದು ಹೇಗೆ?”

“ಕಾವಲಿನವರಿಗೆ ಹೇಳೋಣ. ನಾಳೆ ನನ್ನ ಮಗ ತಂದು ನಿಮ್ಮ ಮನೆ ಮುಂದೆ ನಿಲ್ಲಿಸ್ತಾನೆ. ಮಾರೋದು ಇಡೋದು ಆಮೇಲೆ ನೋಡಿ. ಈಗ ಐದು ಗಂಟೆ ಬಸ್ಸಿದೆ, ನಾನೂ ಅದರಲ್ಲೇ ಹೋಗೋದು.”

ಮಾವ ಮೆಟ್ಟಿಲಿಳಿಯತೊಡಗಿದಾಗ ಡಾಕ್ಟರು ಹಿಂದೆಯೇ ಇಳಿದರು.

ಪ್ರೊಫೆಸರಮ್ಮ ಬಾಗಿಲಲ್ಲಿ ನಿಂತಿದ್ದಳು. ಮೆಟ್ಟಿಲ ತಿರುವಿನಿಂದ ಮಾವನ ಮಾತು ಮೇಲಕ್ಕೆ ಕೇಳಿಸುತ್ತಿತ್ತು.

“ಒಂದು ವಿಷಯ ಮೊದಲೇ ಹೇಳ್ತೀನಿ ಡಾಕ್ಟ್ರೇ. ಬಸ್ಸಲ್ಲಿ ಕೂತಾಗ ಬಲಗಾಲು ತಾನಾಗೇ ಬ್ರೇಕು ಹುಡುಕುತ್ತೆ. ನೆಲ ಒತ್ತುತ್ತೆ. ಪಕ್ಕದವರು ನೋಡ್ತಾರೆ. ನಾಚ್ಕೋಬೇಡಿ. ಹುಡುಕಲಿ ಬಿಡಿ, ಪಾಪ, ಅದಕ್ಕಿನ್ನೂ ಯಾರೂ ಹೇಳಿಲ್ಲ.”